ಸೇತುವೆಯ ನಡುವೆ ನಿಂತ ಲಾರಿ

ಉಗ್ರಾಣದ ಕೀಲಿಗೊಂಚಲು ಸದಾ ಅವಳ ಸೊಂಟದಲ್ಲಿರುತ್ತಿತ್ತು. ಹಾಗಾಗಿ ಊರೆಲ್ಲ ಅವಳನ್ನು ಬೀಗದಕ್ಕ ಎಂದೇ ಕರೆಯುತ್ತಿತ್ತು. ಹುಟ್ಟಿದ್ದು ಮೇಲಿನ ಕೇರಿಯಲ್ಲಿ, ಸೇರಿದ್ದು ಕೆಳಗಿನ ಕೇರಿಯ ಮನೆಗೆ. ನಡುವೆ ಹೊಳೆ, ಹೊಳೆಗೊಂದು ಸೇತುವೆ. ಎರಡು ವರ್ಷದ ಹಿಂದೆ ಕೇರಿಗಳ ನಡುವೆ ಗಲಭೆಯಾಗಿ ಅವಳ ಮೈದುನ ಸತ್ತ. ಅಂದಿನಿಂದ ಎರಡೂ ಕಡೆಯವರಿಗೆ ಅವಳು ಅರ್ಧ ಮಾತ್ರ ನಮ್ಮವಳು.

ಈ ವರ್ಷ ಹೊಳೆ ಉಕ್ಕಿತು. ಹೊಳೆಗೆ ಭೇದವಿರಲಿಲ್ಲ, ಎರಡೂ ಕೇರಿಗಳಿಗೆ ನುಗ್ಗಿತು. ಏಳು ಮನೆಗಳಲ್ಲಿ ಸಾವಾಯಿತು. ಪರಿಹಾರ ಸಂಸ್ಥೆಯವರು ಬಂದು, ಓದುಬರಹ ಬಲ್ಲವಳೆಂದು ಅವಳನ್ನು ತಮ್ಮ ಉಗ್ರಾಣಕ್ಕೆ ನೇಮಿಸಿದರು; ಬೀಗದಕ್ಕ ಎಂಬ ಹೆಸರು ಬಂದದ್ದು ಆಗಲೇ. ದೊಡ್ಡ ಕಚೇರಿಯಿಂದ ಒಬ್ಬ ಸಾಹೇಬರೂ ಬಂದರು. ಕೆಟ್ಟವರಲ್ಲ, ಆದರೆ ಅವಸರದವರು.

"ಹಂಚೋಕೆ ಮೇಲಿನ ಕೇರಿಯ ಸಾಹುಕಾರರು ಗೋದಾಮು ಬಿಟ್ಟಿ ಕೊಡ್ತಿದ್ದಾರೆ. ಒಣಗಿದೆ, ಲಾರಿ ಒಳಗೇ ಹೋಗುತ್ತೆ. ಇನ್ನೇನಮ್ಮಾ ಬೇಕು?" ಎಂದರು.

"ಸರ್, ಕೆಳಗಿನ ಕೇರಿಯವರು ಅಲ್ಲಿಗೆ ಬರಲ್ಲ. ಗಲಭೆ ದಿನ ದೊಣ್ಣೆ ಹಿಡಿದವರು ಹೊರಟಿದ್ದೇ ಆ ಬಾಗಿಲಿಂದ."

"ನಾವು ಊರ ಜಗಳಕ್ಕೆ ಬಂದವರಲ್ಲ. ಹಸಿವಿಗೆ ಕೇರಿ ಗೊತ್ತಿಲ್ಲ."

"ಹಸಿವಿಗೆ ಗೊತ್ತಿಲ್ಲ ಸರ್, ಬಾಗಿಲಿಗೆ ಗೊತ್ತು."

ಸಾಹೇಬರು ನಕ್ಕು, ಲಾರಿಯನ್ನು ಗೋದಾಮಿಗೇ ಕಳಿಸಿದರು. ಮರುದಿನ ಸಾಹುಕಾರ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ತನ್ನ ಮನೆಯದನ್ನೇ ದಾನ ಮಾಡುವವನಂತೆ ಹಿಟ್ಟಿನ ಚೀಲಗಳನ್ನು ಹಂಚಿದ. ಕೆಳಗಿನ ಕೇರಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಮೇಲಿನ ಕೇರಿಯ ಕ್ಷೌರಿಕನ ಹೆಂಡತಿಯೂ ಬರಲಿಲ್ಲ. ಅವಳ ಗಂಡನನ್ನು ನೀರು ಒಯ್ದು ಇನ್ನೂ ವಾರವಾಗಿರಲಿಲ್ಲ. ಸಾವಿನ ಮನೆಯವರು ಕೈ ಚಾಚಿ ನಿಲ್ಲಬಾರದು, ನೆರೆಯವರೇ ಮೊದಲು ಅವರ ಬಾಗಿಲಿಗೆ ಒಯ್ದು ಕೊಡಬೇಕು. ಕಚ್ಚಾಡುವ ಎರಡು ಕೇರಿಗಳೂ ಒಪ್ಪುತ್ತಿದ್ದ ಮಾತು ಅದೊಂದೇ. ಸಂಸ್ಥೆಯ ನಿಯಮ ಮಾತ್ರ ಬೇರೆ: ಮನೆಯವರೇ ಸಾಲಿನಲ್ಲಿ ನಿಂತು ಹೆಬ್ಬೆಟ್ಟು ಒತ್ತಬೇಕು.

ಸಂಜೆ ಅತ್ತೆ ನೆಲದ ಕೆಸರು ಕೆರೆಯುತ್ತ ಕೂತಿದ್ದಳು. "ಅತ್ತೆ, ನಮ್ಮ ಮನೆಗಾದ್ರೂ ಒಂದು ಚೀಲ ತರ್ಲಾ?"

"ತಂದು ನೋಡು, ಹೊಳೆಗೆ ಎಸೀತೀನಿ. ನನ್ನ ಮಗನ ಹೆಣ ದಾಟಿ ಹೋದವನ ಕೈಯಿಂದ ಇಸ್ಕೊಂಡ್ರೆ ಗಂಟಲಲ್ಲಿ ಇಳಿಯುತ್ತೇನೇ?"

ಬೆಳಿಗ್ಗೆ ಕಚೇರಿಗೆ ಹೋದಾಗ ಸಾಹೇಬರ ಮೇಜಿನ ಮೇಲೆ ವರದಿ ಇತ್ತು: 'ಕೆಳಗಿನ ಕೇರಿಯಲ್ಲಿ ನೆರವಿನ ಅಗತ್ಯ ಕಂಡುಬರಲಿಲ್ಲ.' ಹೊರಗೆ ಹಿಟ್ಟಿನ ಚೀಲ ಹೊತ್ತು ನಿಂತಿದ್ದ ಎರಡನೆಯ ಲಾರಿ ಬೇರೆ ಊರಿಗೆ ಹೊರಡುವುದರಲ್ಲಿತ್ತು; ಅದರ ಕೀಲಿಯೂ ರಾತ್ರಿಯಿಂದ ಅವಳ ಗೊಂಚಲಲ್ಲೇ ಇತ್ತು. ಬೀಗದಕ್ಕನ ಮೈ ಉರಿದುಹೋಯಿತು.

"ಲಾರಿಯ ಕೀಲಿ ಕೊಡಿ," ಎಂದರು ಸಾಹೇಬರು.

"ಕೊಡಲ್ಲ ಸರ್."

"ಕೆಲಸ ಹೋಗುತ್ತೆ."

"ಹೋಗಲಿ. ಕೆಲಸ ನಿಮ್ಮದು, ಊರು ನನ್ನದು."

ಅವಳು ಲಾರಿ ಹತ್ತಿ ಡ್ರೈವರ್ ಪಕ್ಕದಲ್ಲಿ ಕೂತು ಕೀಲಿಯನ್ನು ಅವನ ಕೈಗಿಟ್ಟಳು. "ಸೇತುವೆ ಮಧ್ಯಕ್ಕೆ ನಡೀರಿ."

ಡ್ರೈವರ್ ಒಮ್ಮೆ ಸಾಹೇಬರನ್ನು, ಒಮ್ಮೆ ಇವಳನ್ನು ನೋಡಿದ. "ಮನೇಲೂ ಹೆಂಗಸರ ಮಾತೇ ನಡೆಯೋದು, ಇಲ್ಲೂ ಅದೇ ಆಗ್ಲಿ," ಎಂದು ಗೇರು ಹಾಕಿದ.

ಲಾರಿ ಸೇತುವೆಯ ನಡುವೆ ನಿಂತಿತು. ಸುದ್ದಿ ಹಬ್ಬಿ ಎರಡೂ ತುದಿಯಲ್ಲಿ ಜನ ಸೇರಿದರು. ಸಾಹುಕಾರ ಹತ್ತಾರು ಜನರನ್ನು ಕಟ್ಟಿಕೊಂಡು ಬಂದ. ಅವರಲ್ಲಿ ಅವಳ ಒಡಹುಟ್ಟಿದ ಅಣ್ಣನೂ ಇದ್ದ.

"ನಮ್ಮ ಕೇರಿ ಮಗಳು ನೀನು! ಉಂಡ ಮನೆಗೇ ಎರಡು ಬಗೀತೀಯಾ? ಲಾರಿ ಗೋದಾಮಿಗೆ ತಿರುಗಿಸು," ಎಂದು ಸಾಹುಕಾರ ಗದರಿದ.

"ತವರಿಗೂ ಇಲ್ಲಿಂದಲೇ ಕೊಡ್ತೀನಿ ಸಾಹುಕಾರ್ರೇ. ಬೇಕಿದ್ರೆ ನೀವೂ ಸಾಲಲ್ಲಿ ನಿಲ್ಲಿ."

ಹಿಂದೆ ಯಾರೋ ಕಿಸಕ್ಕೆಂದರು. ಸಾಹುಕಾರನ ಮುಖ ಕೆಂಪಾಯಿತು. ಅವನ ಕಡೆಯವರಿಬ್ಬರು ಮುಂದೆ ನುಗ್ಗಿದರು. ಬೀಗದಕ್ಕ ಕದಲಲಿಲ್ಲ. ಅಣ್ಣನ ಮುಖ ನೋಡಿಯೇ ಕೇಳಿದಳು: "ಅಣ್ಣಾ, ಕ್ಷೌರಿಕನ ಹೆಂಡತಿ ಬಾಗಿಲಿಗೆ ನಿನ್ನೆ ಯಾರಾದ್ರೂ ಒಂದು ಹಿಡಿ ಹಿಟ್ಟು ಒಯ್ದು ಕೊಟ್ರಾ? ನಿನ್ನ ಪಕ್ಕದ ಮನೆ ಅದು."

ಮುಂದೆ ನುಗ್ಗಿದವರು ಅಲ್ಲೇ ನಿಂತರು. ಅಣ್ಣ ಗುಂಪಿನಿಂದ ಹೊರಬಂದು ಲಾರಿಗೆ ಬೆನ್ನು ಕೊಟ್ಟ. "ಒಂದು ಚೀಲ ಹಾಕು," ಎಂದ. ಅವನು ಹೊತ್ತು ಹೊರಟಾಗ ಸಾಹುಕಾರನಿಗೂ ತಡೆಯುವ ಧೈರ್ಯವಾಗಲಿಲ್ಲ.

ಹಿಟ್ಟು ಮೊದಲು ಸಾವಿನ ಏಳು ಮನೆಗಳಿಗೆ ಹೋಯಿತು, ಹೊತ್ತವರೇ ಹೆಬ್ಬೆಟ್ಟು ಒತ್ತಿದರು. ಆಮೇಲೆ ಎರಡು ತುದಿಯಿಂದ ಎರಡು ಸಾಲು, ಈ ಕಡೆಗೊಂದು ಚೀಲ, ಆ ಕಡೆಗೊಂದು. ಯಾರೂ ಮೊದಲಲ್ಲ, ಯಾರೂ ಕೊನೆಯಲ್ಲ. ಅತ್ತೆಯೂ ಬಂದಳು. ಚೀಲ ತೆಗೆದುಕೊಂಡು, ಇನ್ನೂ ಅಲ್ಲೇ ನಿಂತಿದ್ದ ಸಾಹುಕಾರನಿಗೆ ಗಟ್ಟಿಯಾಗಿ ಹೇಳಿದಳು: "ನಿನ್ನ ಕ್ಷಮಿಸಿಲ್ಲ. ಹಿಟ್ಟಿಗೆ ಬಂದೆ, ಅಷ್ಟೇ."

ಮೂರು ದಿನದ ಮೇಲೆ ಸಾಹೇಬರು ಒಂದು ಹಾಳೆ ಮುಂದಿಟ್ಟರು. "ತಪ್ಪಾಯ್ತು ಅಂತ ಬರೆದುಕೊಡಿ. ನಿಮ್ಮನ್ನ ಉಳಿಸಿಕೊಳ್ತೀನಿ."

ಅವಳು ಬರೆದಳು: 'ಕೀಲಿ ಕೊಡಲಿಲ್ಲ ಎಂಬುದು ನಿಜ. ತಪ್ಪು ಮಾಡಿಲ್ಲ.'

ಕೆಲಸ ಹೋಯಿತು. ಆದರೆ ಕಂಬಳಿ ಹೊತ್ತ ಮೂರನೆಯ ಲಾರಿ ಬಂದಾಗ ಡ್ರೈವರ್ ಯಾರನ್ನೂ ಕೇಳದೆ ಸೇತುವೆಯ ಮೇಲೆ ನಿಲ್ಲಿಸಿದ. ಬೀಗದಕ್ಕ ಅತ್ತೆಯೊಂದಿಗೆ ಸಾಲಿನಲ್ಲಿದ್ದಳು. ಸಾಹೇಬರು ಹುಡುಕಿಕೊಂಡು ಬಂದರು.

"ಮುಂದಿನ ತಿಂಗಳು ಮನೆ ಕಟ್ಟೋ ಸಾಮಾನು ಬರುತ್ತೆ. ಎಲ್ಲಿ ಹಂಚೋಣ, ಹೇಳಿ?"

"ನನ್ನನ್ಯಾಕೆ ಕೇಳ್ತೀರಿ? ಇಷ್ಟು ಜನ ಇದ್ದಾರೆ, ಇವರನ್ನ ಕೇಳಿ."

ಸಾಹೇಬರು ಪುಸ್ತಕ ಬಿಚ್ಚಿ ಅತ್ತೆಯ ಕಡೆ ತಿರುಗಿದರು. ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಂತ್ಕೊಂಡು ಕೇಳಿದ್ರೆ ಹೇಳಲ್ಲಪ್ಪ. ಕೂತ್ಕೊ."

ಸಾಹೇಬರು ಸೇತುವೆಯ ಕಟ್ಟೆಯ ಮೇಲೆ ಕೂತರು.