ಕರುಣೆಯ ಮಾತ್ರೆ ಅರೆದ ಮೈದುನ

ಯಾರಾದರೂ ಅತ್ತರೆ ನನ್ನ ಮೈದುನ ಮೊದಲು ಗಡಿಯಾರ ನೋಡುತ್ತಿದ್ದ. ಸ್ವಂತ ಅಣ್ಣನ, ಎಂದರೆ ನನ್ನ ಗಂಡನ, ಶವ ಮನೆಗೆ ಬಂದು ನಾನು ಗೋಳಾಡುವಾಗಲೂ ನೋಡಿದ. ಔಷಧಶಾಸ್ತ್ರದ ದೊಡ್ಡ ಪಂಡಿತ. ಯಾರ ಮೈಯೂ ತಾಗದಂತೆ ಗೋಡೆಯ ಪಕ್ಕದಲ್ಲೇ ಸರಿದು ನಡೆಯುವನು, ಉರಿಬಿಸಿಲಲ್ಲೂ ಬಿಳಿಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಬಿಗಿಯುವನು. ಇಂಥವನು ಆಯುಷ್ಯವಿಡೀ ಅರೆದದ್ದು ಅನುಕಂಪ ಹುಟ್ಟಿಸುವ ಮಾತ್ರೆಯನ್ನು.

ಹೆಚ್ಚು ಓದಿದವಳಲ್ಲದ ನನಗೆ ತಿಳಿದದ್ದಿಷ್ಟು: ಮಿದುಳಿನ ನರಗಳು ಸಿರೊಟೋನಿನ್ ಎಂಬ ದ್ರವ್ಯವನ್ನು ತೊಟ್ಟುತೊಟ್ಟಾಗಿ ಬಿಡುತ್ತವೆ, ಈ ಮಾತ್ರೆ ಕೂಡಿಟ್ಟದ್ದನ್ನೆಲ್ಲ ಒಮ್ಮೆಗೇ ಸುರಿಸಿಬಿಡುತ್ತದೆ. ಭಯ ಅಡಗಿ, ಎದುರಿಗಿದ್ದವರ ನೋವು ತನ್ನದೆನಿಸುತ್ತದೆ. ಅಮಲು ಇಳಿದ ಮೇಲೆ ಕೆಲವು ದಿನ ಒಳಗೆಲ್ಲ ಬರಿದು.

ಮಾತ್ರೆಯ ಪರೀಕ್ಷೆಗೆ ಒಬ್ಬರಿಗೊಬ್ಬರು ಹಗೆಯಿದ್ದ ಜೋಡಿಗಳು ಬೇಕಾಗಿದ್ದವು. ಮೈದುನ ನನ್ನನ್ನೂ ನನ್ನವರು ದುಡಿಯುತ್ತಿದ್ದ ಕಾರ್ಖಾನೆಯ ಮಾಲೀಕನನ್ನೂ ಎದುರುಬದುರು ಕೂರಿಸಿದ. ಬಾಯ್ಲರ್ ಸಿಡಿದು ನನ್ನವರು ಸತ್ತಾಗ, ತಪ್ಪು ಸತ್ತವನದೇ ಎಂದು ಎಲ್ಲರ ಮುಂದೆ ಹೇಳಿದ್ದವನು ಆ ಮಾಲೀಕ. ಗಂಡನ ಮೇಲಿನ ಕಳಂಕ ತೊಳೆದುಹೋದೀತೆಂದು ನಾನು ಹೋದೆ. ನನ್ನ ಪಾಲಿನ ಮಾತ್ರೆಯನ್ನು ಮಾತ್ರ ಮುಟ್ಟಲಿಲ್ಲ. ಜಗಳ ಮುಗಿದರೆ ಸಾಕೆಂದು ಮಾಲೀಕ ತನ್ನದನ್ನು ನುಂಗಿದ. ಮೈದುನ ಗಾಜಿನ ಗೋಡೆಯಾಚೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಹೊತ್ತು ಸರಿದಂತೆ ಮಾಲೀಕನ ದವಡೆ ಬಿಗಿಯಿತು, ಕಣ್ಣಿನ ಪಾಪೆ ಹಿಗ್ಗಿತು; ನನ್ನ ಕೈ ಹಿಡಿದು ಬಿಕ್ಕಿದ.

"ವಾಲ್ವ್ ಕೆಟ್ಟಿದೆ ಅಂತ ನಿಮ್ಮ ಯಜಮಾನ್ರು ಹೇಳಿದ್ರಮ್ಮ. ಆದ್ರೂ ಓಡ್ಸು ಅಂದೋನು ನಾನೇ."

ಮುಂದಿನ ವಾರ ಅಪಘಾತದ ವಿಚಾರಣೆಯಲ್ಲಿ ಅದೇ ಮನುಷ್ಯ ಹಳೆಯ ಸುಳ್ಳನ್ನೇ ಗಿಣಿಪಾಠದಂತೆ ಒಪ್ಪಿಸಿದ. ನಾನು ಕೇಳಿದ್ದನ್ನು ಹೇಳಿದರೆ, ಪಾಪ, ಗಂಡ ಸತ್ತ ಸಂಕಟ ಎಂದು ವಿಚಾರಣೆಯವರು ತಳ್ಳಿಹಾಕಿದರು. ಮೈದುನನ ಬಳಿಗೆ ಓಡಿದೆ.

"ನೀನೂ ಕೇಳಿಸ್ಕೊಂಡೆಯಲ್ಲಪ್ಪ, ಬಂದು ಒಂದ್ ಮಾತು ಹೇಳು."

"ಆ ಕೋಣೇಲಿ ಆಡಿದ್ದು ಹೊರಗೆ ಹೋಗೋ ಹಾಗಿಲ್ಲ, ಅತ್ತಿಗೆ. ಔಷಧಿ ಕೆಲಸ ಮಾಡ್ತಲ್ಲ, ನಮಗೆ ಬೇಕಾಗಿದ್ದು ಅಷ್ಟೇ. ನೀವೂ ತಗೊಂಡಿದ್ರೆ ಇಷ್ಟು ಸಿಟ್ಟು ಇರ್ತಿರ್ಲಿಲ್ಲ."

"ಹಾಗಿದ್ರೆ ನೀನೊಂದು ನುಂಗು, ಆಮೇಲೆ ನನ್ನ ಮುಖ ನೋಡಿ ಹೇಳು."

ನುಂಗಲಿಲ್ಲ, ಬರಲಿಲ್ಲ. ತಪ್ಪು ಸತ್ತವನದೇ ಎಂದು ತೀರ್ಮಾನವಾಯಿತು. ಇಂದಿಗೂ ಹಾಗೆಯೇ ಇದೆ.

ಪರರ ಎದೆಯಲ್ಲಿ ಕರುಣೆ ಯಾವಾಗ ಉಕ್ಕೀತು, ಯಾವಾಗ ಇಳಿದೀತು ಎಂದು ಕರಾರುವಾಕ್ಕಾಗಿ ಬಲ್ಲ ಇಂಥ ಪಂಡಿತರಿಗೆ, ಉಕ್ಕಿದಾಗ ಬಂದ ಸತ್ಯದ ಜೊತೆ ಯಾರಾದರೂ ನಿಲ್ಲಬೇಕೆಂಬುದು ಹೊಳೆಯುವುದೇ ಇಲ್ಲ. ಅವರ ಕೈಯಲ್ಲಿ ಗುಣವಾದವರು ಹರಸುತ್ತಾರೆ, ನನ್ನಂಥವರು ಶಪಿಸುತ್ತೇವೆ. ಎರಡನ್ನೂ ಅವರು ಒಂದೇ ಮುಖಭಾವದಲ್ಲಿ ಬರೆದುಕೊಳ್ಳುತ್ತಾರೆ.