ಬೆಣ್ಣೆಯ ತಲೆ

ಜನೆಲ್‌ಳನ್ನು ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿ ಆರಿಸಿದ್ದಾರೆಂಬ ಸುದ್ದಿ ಟೀವಿಯಲ್ಲಿ ಬಂದಾಗ ಮಾರ್ಲಿಸ್ ಸೌತೆಕಾಯಿ ಹೆಚ್ಚಿ ಉಪ್ಪಿಗೆ ಹಾಕುತ್ತಿದ್ದಳು. ಎಂಥೆಂಥ ದೊಡ್ಡ ಹೆಸರುಗಳು ಓಡಾಡುತ್ತಿದ್ದವು! ಅಧ್ಯಕ್ಷನಾಗಲು ಹೊರಟವನು ಅವರನ್ನೆಲ್ಲ ಬಿಟ್ಟು ಮಿನೆಸೋಟಾದ ಈ ಮೂಲೆಯ ಹೆಣ್ಣನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದ. ಇಡೀ ದೇಶ "ಯಾರಿವಳು?" ಎಂದು ಕೇಳುತ್ತಿತ್ತು. ಯಾರೆಂದು ಮಾರ್ಲಿಸ್‌ಗೆ ಚೆನ್ನಾಗಿ ಗೊತ್ತಿತ್ತು. ಹೊಟ್ಟೆ ಉರಿದದ್ದೂ ಅದಕ್ಕೇ.

"ನಿನ್ನ ಕ್ಲಾಸಿನವಳು ಕಣೇ!" ಗಂಡ ಡುವೇನ್ ಕುರ್ಚಿಯಿಂದಲೇ ಕೂಗಿದ. "ಎಷ್ಟು ಲಕ್ಷಣವಾಗಿದಾಳೆ ನೋಡು."

"ಹಲ್ಲು ಕಟ್ಟಿಸ್ಕೊಂಡಿದಾಳೆ," ಎಂದಳು ಮಾರ್ಲಿಸ್.

ಹೈಸ್ಕೂಲು ಮುಗಿದ ವರ್ಷ ಇಬ್ಬರೂ ಹೈನುಗಾರರ ರಾಜಕುಮಾರಿ ಸ್ಪರ್ಧೆಗೆ ನಿಂತಿದ್ದರು. ಗೆದ್ದವಳು ಮಾರ್ಲಿಸ್, ಎರಡನೆಯವಳು ಜನೆಲ್. ಗೆದ್ದವಳನ್ನು ರಾಜ್ಯದ ಮೇಳದಲ್ಲಿ ತಣ್ಣನೆಯ ಗಾಜಿನ ಕೋಣೆಯಲ್ಲಿ ಕೂರಿಸಿ, ದೊಡ್ಡ ಬೆಣ್ಣೆಯ ದಿಮ್ಮಿಯಲ್ಲಿ ಅವಳ ತಲೆ ಕೆತ್ತುವುದು ಪದ್ಧತಿ. ಆಮೇಲೆ ಆ ಬೆಣ್ಣೆಯನ್ನು ಊರಿಗೆ ತಂದು, ಬೇಯಿಸಿದ ಮುಸುಕಿನ ಜೋಳದ ತೆನೆಗೆ ಸವರಿ ಎಲ್ಲರಿಗೂ ಹಂಚಬೇಕು. ಮಾರ್ಲಿಸ್ ಹಂಚಲಿಲ್ಲ. ತನ್ನ ಮೂಗು, ಕೆನ್ನೆಗಳನ್ನು ಊರವರು ತೆನೆಗೆ ಸವರಿಕೊಂಡು ತಿನ್ನುವುದೆಂದರೇನು? ಆ ತಲೆ ನೆಲಮಾಳಿಗೆಯ ಫ್ರೀಜರಿನಲ್ಲಿ ಜಿಂಕೆ ಮಾಂಸದ ಪಕ್ಕ ಇಂದಿಗೂ ಇತ್ತು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂದು ನಗುವವರು ನಗಲಿ. ಶಾಲೆಯ ಅಡುಗೆಮನೆಯಲ್ಲಿ ತಟ್ಟೆಗೆ ಬಡಿಸುತ್ತ ಸವೆದ ಬದುಕಿನಲ್ಲಿ ಅವಳು ಗೆದ್ದದ್ದು ಅದೊಂದೇ. ಜನೆಲ್ ಶಾಸಕಿಯಾದಾಗಲೂ "ನನಗೆ ಸೋತವಳು ತಾನೇ" ಎಂದುಕೊಂಡು ಸಮಾಧಾನದಿಂದ ನಿದ್ದೆ ಮಾಡಿದ್ದಳು. ಈಗ ಆ ಮಾತೂ ಕೈಕೊಡುವಂತಿತ್ತು.

"ಇವಳಿಗೆ ನಾನು ಓಟು ಹಾಕಲ್ಲ," ಎಂದಳು.

"ನಿಮ್ಮಪ್ಪನ ಕಾಲದಿಂದ ಆ ಪಾರ್ಟಿಗೇ ಅಲ್ವೇನೇ ಹಾಕ್ತಿರೋದು?"

"ನಮ್ಮಪ್ಪ ಇವಳ ಜೊತೆ ಓದಿರಲಿಲ್ಲ."

ಎರಡು ದಿನಕ್ಕೆ ಟೀವಿಯವರು ಜನೆಲ್‌ಳ ಬಾಲ್ಯದ ಗೆಳತಿಯನ್ನು ಹುಡುಕಿಕೊಂಡು ಮನೆಗೇ ಬಂದರು. ಮಾರ್ಲಿಸ್ ಕಾಫಿ ಕೊಟ್ಟಳು, ಮಾತಿಗೆ ಮಾತು ಕೊಟ್ಟಳು. ಕೊನೆಗೆ ತಡೆಯಲಾರದೆ ಡುವೇನ್‌ನಿಂದ ತಲೆಯನ್ನು ಹೊರಿಸಿ ತಂದು ಊಟದ ಮೇಜಿನ ಮೇಲಿಡಿಸಿದಳು. ಮೇಲಿನ ಹಿಮ ಒರೆಸಿದಾಗ ಹದಿನೆಂಟರ ಹುಡುಗಿಯ ನಗು ಕಾಣಿಸಿತು.

"ಗೆದ್ದಿದ್ದು ನಾನು. ಅವಳು ಸೋತಳು. ಬರ್ಕೋ," ಎಂದಳು.

"ಅವರು ಸೋತಿದ್ರಾ? ಎಂಥಾ ಕಥೆ ಕೊಟ್ರಿ ಮೇಡಂ!" ವರದಿಗಾರ್ತಿಯ ಮುಖ ಅರಳಿತು.

ಸಂಜೆ ಟೀವಿಯಲ್ಲಿ ಬೆಣ್ಣೆಯ ತಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ಬಂದು ಹೋಯಿತು. ಉಳಿದದ್ದೆಲ್ಲ, ಸೋತರೂ ಎದೆಗುಂದದ ಜನೆಲ್‌ಳ ಕಥೆ. ಅವಳೂ ಮೈಕಿನ ಮುಂದೆ ನಕ್ಕಳು. "ಮಾರ್ಲಿಸ್! ಅಬ್ಬಾ, ಎಷ್ಟು ಚೆನ್ನಾಗಿದ್ಲು. ಗಾಜಿನ ಈಚೆ ನಿಂತು ಅವಳನ್ನ ನೋಡಿ ಎಷ್ಟು ಹೊಟ್ಟೆ ಉರ್ಕೊಂಡಿದ್ದೆ ಗೊತ್ತಾ? ಆ ಉರಿನೇ ನನ್ನನ್ನ ಇಲ್ಲಿವರೆಗೂ ಓಡಿಸ್ತು."

ಮಾರ್ಲಿಸ್ ಟೀವಿ ಆರಿಸಿದಳು. ಹೊಟ್ಟೆಕಿಚ್ಚಿನಲ್ಲೂ ಜನೆಲ್‌ಳೇ ಮುಂದೆ. ತನ್ನದು ಇಷ್ಟು ವರ್ಷ ತನ್ನನ್ನೇ ಸುಟ್ಟಿತ್ತು. ಅವಳದು ಅವಳಿಗೆ ಒಲೆಯಾಗಿ ಅನ್ನ ಬೇಯಿಸಿಕೊಟ್ಟಿತ್ತು.

ನವೆಂಬರಿನಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಮತದಾನ. ಮಾರ್ಲಿಸ್ ಬಹಳ ಹೊತ್ತು ಒಳಗೇ ಇದ್ದು, ಅಂಗಿಗೆ ‘ಓಟು ಹಾಕಿದೆ’ ಎಂಬ ಚೀಟಿ ಅಂಟಿಸಿಕೊಂಡು ಹೊರಬಂದಳು. ಡುವೇನ್ ಟ್ರಕ್ಕಿನಲ್ಲಿ ಕಾಯುತ್ತಿದ್ದ.

"ಆ ಕಡೆಯವರಿಗೆ ಹಾಕ್ಬಿಟ್ಯಾ?"

"ಇಲ್ಲ. ಜನೆಲ್‌ಗೇ ಹಾಕಿದೆ."

ಅವನು ಬಾಯಿ ಬಿಟ್ಟುಕೊಂಡು ನೋಡಿದ. "ಅವಳ ಹೆಸರು ಕೇಳಿದ್ರೆ ಉರಿದು ಬೀಳ್ತಿದ್ದೆ!"

"ಈಗ್ಲೂ ಉರೀತಿದೆ," ಎಂದಳು ಮಾರ್ಲಿಸ್, ಬಾಗಿಲು ಎಳೆದುಕೊಳ್ಳುತ್ತ. "ಅವಳೂ ಸೋತುಹೋದ್ರೆ, ನಾನು ಗೆದ್ದಿದ್ದು ಯಾರನ್ನ ಅಂತ ಹೇಳ್ಕೊಳ್ಳಲಿ?"