ಓವೈಸನ ಸೀಸೆ

ಇಂದಿರಾನಗರದ ಆ ಬಂಗಲೆಯಲ್ಲಿ ಒಂದು ಕಾಲಕ್ಕೆ ಯಾರೋ ಸಂಸಾರ ಮಾಡಿಕೊಂಡಿದ್ದರು. ಈಗ ಅಡುಗೆಮನೆ ಇದ್ದ ಜಾಗದಲ್ಲಿ ಜೀವಕೋಶ ಬೆಳೆಸುತ್ತಾರೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಲೆಗೆ ಟೋಪಿ, ಬಾಯಿಗೆ ಮಾಸ್ಕು, ಕೈಗೆ ಗ್ಲೌಸು ಹಾಕಿಕೊಂಡೇ ಒಳಗೆ ಕಾಲಿಡಬೇಕು. ಟೆಕ್ನಿಷಿಯನ್ ಕೋಕಿಲಾಳ ಅಜ್ಜಿಯ ಮಡಿಯೂ ಇದರ ಮುಂದೆ ಏನೂ ಅಲ್ಲ. ಕೆಮ್ಮಿದ ಪಿಎಚ್‌ಡಿ ಹುಡುಗರನ್ನು ಮುಲಾಜಿಲ್ಲದೆ ಹೊರಗಟ್ಟುವುದರಲ್ಲಿ ಕೋಕಿಲಾಳದು ಎತ್ತಿದ ಕೈ.

ಅಂಥವಳು ಒಂದು ಶನಿವಾರ ನೂರುನ್ನೀಸಾಳನ್ನು ಒಳಗೆ ಬಿಟ್ಟಳು.

ನೂರುನ್ನೀಸಾ ಶಿವಾಜಿನಗರದವಳು, ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಗೆ ಸೀರೆ ಫಾಲ್ ಹೊಲಿದು ಕೊಡುವವಳು. ಆಕೆಯ ಮಗ ಓವೈಸ್, ಇಪ್ಪತ್ತೆರಡರ ಹುಡುಗ, ಕೆ.ಆರ್. ಪುರದ ಸೇತುವೆ ಹತ್ತಿರ ಬೈಕಿನ ಸಮೇತ ಲಾರಿಗೆ ಸಿಕ್ಕ. ಕಾಲು ಉಳಿಯಲಿಲ್ಲ. ಕತ್ತರಿಸಿದ ಕಾಲನ್ನು ಮನೆಯವರು ತಮ್ಮ ಪದ್ಧತಿಯಂತೆ ಖಬರಸ್ತಾನಿಗೆ ಒಯ್ದು ಹೂತರು. ವಾರದೊಳಗೆ ಗಾಯಕ್ಕೆ ನಂಜೇರಿ, ಅದರ ಪಕ್ಕದಲ್ಲೇ ಹುಡುಗನನ್ನೂ ಹೂತರು. ಅದಾದ ಮೇಲೆ ಯಾರೋ ಆಕೆಗೆ ನೆನಪಿಸಿದರು: ಆಪರೇಷನ್ನಿನ ಹೊತ್ತಿಗೆ ಮೊಣಕಾಲಿನ ಕೀಲಿನ ಒಳಪೊರೆಯಿಂದ ಹುಣಸೆಬೀಜದಷ್ಟು ಚೂರು ತೆಗೆದು ಲ್ಯಾಬಿಗೆ ಕೊಟ್ಟಿದ್ದಾರೆ. ಒಪ್ಪಿಗೆಯ ಸಹಿ ಹಾಕಿದ್ದು ಆಕೆಯೇ. ಆ ಹೊತ್ತಿನಲ್ಲಿ ಮುಂದೆ ಏನು ಹಿಡಿದಿದ್ದರೂ ಹಾಕುತ್ತಿದ್ದಳು. ಆಸ್ಪತ್ರೆಯವರಿಗೂ ಅದು ಚೆನ್ನಾಗಿ ಗೊತ್ತಿರುತ್ತದೆ.

"ಎಲ್ಲಾನೂ ಮಣ್ಣಿಗೆ ಸೇರ್ಬೇಕು ಬೇಟಿ," ಎಂದಳು ನೂರುನ್ನೀಸಾ. "ಅವನ ಚೂರು ಇಲ್ಲೇ ಉಳ್ಕೊಂಡ್ರೆ ನನಗೆ ನಿದ್ದೆ ಬರಲ್ಲ. ಕೊಟ್ಬಿಡು, ತಗೊಂಡ್ಹೋಗ್ತೀನಿ."

"ಅದು ಈಗ ಚೂರಾಗಿಲ್ಲ ಅಮ್ಮಾ. ಬೆಳೀತಾ ಇದೆ."

ಹೇಳಬಾರದಿತ್ತು. ಆ ಮಾತು ಕೇಳಿದ ತಾಯಿಯ ಮುಖ ನೋಡಿದ ಮೇಲೆ ಕೋಕಿಲಾಳಿಗೆ ಆಕೆಯನ್ನು ಹಾಗೇ ಕಳಿಸಲಾಗಲಿಲ್ಲ. ಆಕೆಗೂ ಟೋಪಿ, ಮಾಸ್ಕು ತೊಡಿಸಿ, ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಬೆಚ್ಚನೆಯ ಪೆಟ್ಟಿಗೆಯಿಂದ ಓವೈಸನ ಸೀಸೆ ತೆಗೆದು ಅದರಡಿ ಇಟ್ಟಳು. ಅಂಗೈಯಗಲದ ಚಪ್ಪಟೆ ಪ್ಲಾಸ್ಟಿಕ್ ಸೀಸೆ, ಒಳಗೆ ದಾಸವಾಳದ ಬಣ್ಣದ ನೀರು.

"ಮೊದ್ಲು ದುಂಡಗೆ ತೇಲ್ತಾ ಇದ್ವು, ಸಾಬೂದಾನಿ ಥರ. ಸುಮಾರು ಸತ್ವು. ಕೆಲವು ಮಾತ್ರ ತಳಕ್ಕೆ ಕಚ್ಕೊಂಡ್ವು. ಆ ಕಚ್ಕೊಂಡಿದ್ರಲ್ಲೇ ಇರೋದು ಕಾಂಡಕೋಶಗಳು, ಸ್ಟೆಮ್ ಸೆಲ್ ಅಂತಾರಲ್ಲ, ಅವು. ನೋಡಿ, ಹೆಂಗೆ ಕೈಕಾಲು ಚಾಚಿ ಉದ್ದ ಆಗಿವೆ. ಒಂದಿದ್ದಿದ್ದು ಎರಡಾಗತ್ತೆ, ಎರಡು ನಾಕಾಗತ್ತೆ. ವಯಸ್ಸಾದವರ ಮಂಡಿದು ಸೋಮಾರಿ ಅಮ್ಮಾ, ಬೆಳೆಯೋದೇ ಇಲ್ಲ. ನಿಮ್ಮ ಹುಡುಗಂದು ಸುಮ್ನೇ ಕೂರಲ್ಲ. ನಾಡಿದ್ದು ಸೋಮವಾರ ಇನ್ನೆರಡು ಸೀಸೆಗೆ ಹಂಚ್ಬೇಕು."

"ಬೆಳೆದು ಏನಾಗತ್ತೆ?"

"ನಾವು ಏನು ಊಟ ಹಾಕ್ತೀವೋ ಅದರ ಮೇಲೆ. ಮೂಳೆ ಆಗ್ಬಹುದು, ಕೀಲಿನ ಮೆತ್ತೆ ಆಗ್ಬಹುದು, ಕೊಬ್ಬಾಗ್ಬಹುದು. ಇವಿನ್ನೂ ಏನಾಗ್ಬೇಕು ಅಂತ ತೀರ್ಮಾನ ಮಾಡಿಲ್ಲ."

"ಅವನೂ ಮಾಡಿರ್ಲಿಲ್ಲ," ಎಂದು ನೂರುನ್ನೀಸಾ ನಕ್ಕಳು. ಬಹಳ ಹೊತ್ತು ಕಣ್ಣು ತೆಗೆಯದೆ ನೋಡಿದಳು. "ಬದುಕಿರೋದನ್ನ ಹೂಳಬಾರ್ದು ಬೇಟಿ. ಇರ್ಲಿ, ಇಲ್ಲೇ ಇರ್ಲಿ. ನಿಂತುಹೋದ್ರೆ ಫೋನ್ ಮಾಡು, ಆಗ ತಗೊಂಡ್ಹೋಗ್ತೀನಿ."

ಕೋಕಿಲಾ ಗ್ಲೌಸು ಬದಲಾಯಿಸಲು ಆಚೆ ತಿರುಗಿದಳು. ಮತ್ತೆ ಈಚೆ ತಿರುಗುವಷ್ಟರಲ್ಲಿ ನೂರುನ್ನೀಸಾ ಮಾಸ್ಕನ್ನು ಗದ್ದಕ್ಕಿಳಿಸಿ, ಸೀಸೆಯ ಮುಚ್ಚಳ ಬಿಚ್ಚಿ ಹಿಡಿದಿದ್ದಳು. ತುಟಿಗಳು ಅಲುಗುತ್ತಿದ್ದವು. ಮಗನಿಗೆ ಜ್ವರ ಬಂದಾಗ, ದೃಷ್ಟಿ ತಾಗಿದಾಗ, ಪರೀಕ್ಷೆಗೆ ಹೊರಟಾಗ ಓದಿ ಊದುತ್ತಿದ್ದ ದುವಾ. ಓದಿ ಮುಗಿಯುವವರೆಗೂ ಸಮಯವಿತ್ತು. "ಬೇಡ" ಅನ್ನುವ ಒಂದು ಮಾತು ಸಾಕಿತ್ತು. ಕೋಕಿಲಾಳಿಗೆ ಬಾಯಿ ಬರಲಿಲ್ಲ. ತಾಯಿ ಸೀಸೆಯೊಳಕ್ಕೆ ಮೆಲ್ಲಗೆ ಮೂರು ಸಲ ಊದಿದಳು.

ಸೋಮವಾರ ಬೆಳಿಗ್ಗೆ ಸೀಸೆಯ ನೀರು ಹಳದಿಯಾಗಿ, ಗಂಜಿಯಂತೆ ಕದಡಿತ್ತು. ಮೈಕ್ರೋಸ್ಕೋಪಿನಲ್ಲಿ ಎಲ್ಲೆಲ್ಲೂ ಸಣ್ಣ ಚುಕ್ಕೆಗಳು ಓಡಾಡುತ್ತಿದ್ದವು. ನೀರಿನಲ್ಲಿ ಬೆರೆಸಿದ ಔಷಧಿಗೂ ಬಗ್ಗದ ಬ್ಯಾಕ್ಟೀರಿಯಾ. ಓವೈಸನ ಕೋಶಗಳು ಚಾಚಿದ್ದ ಕಾಲುಗಳನ್ನೆಲ್ಲ ಎಳೆದುಕೊಂಡು, ಮುದುಡಿ, ತಳ ಬಿಟ್ಟು ತೇಲುತ್ತಿದ್ದವು. ಪಕ್ಕದ ಸೀಸೆಗಳೆಲ್ಲ ನೆಟ್ಟಗಿದ್ದವು. ಕೆಟ್ಟದ್ದು ತೆರೆದ ಸೀಸೆ ಒಂದೇ.

ಲ್ಯಾಬಿನ ಮುಖ್ಯಸ್ಥ ಡಾಕ್ಟರ್ ಸುಗತ ಬಗ್ಗಿ ನೋಡಿ ಮುಖ ಸಿಂಡರಿಸಿದ. "ಯಾರ ಕೈ ಇದು?"

"ನಂದೇ ಸರ್."

"ಬ್ಲೀಚ್ ಹಾಕಿ ಬಿಸಾಕು. ಆ ಹುಡುಗನ ಅಮ್ಮ ಕೇಳಿದ್ರೆ ಕೋಶಕ್ಕೆ ವಯಸ್ಸಾಯ್ತು, ನಿಂತ್ಹೋಯ್ತು ಅಂತ ಹೇಳು." ಇಷ್ಟು ಹೇಳಿ ಆತ ಕಾಫಿಗೆ ಹೋದ.

ಕೋಕಿಲಾ ಬ್ಲೀಚ್ ಹಾಕಿದಳು. ಹಳದಿ ಹೋಗಿ ನೀರು ಕೊಳಾಯಿ ನೀರಿನಷ್ಟು ತಿಳಿಯಾಯಿತು. ಬಿಸಾಕಲು ಮನಸ್ಸಾಗದೆ ಮುಚ್ಚಳ ಬಿಗಿದು ಎತ್ತಿಟ್ಟಳು. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅವಳು ಮೂರೇ ದಿನದಲ್ಲಿ ಎರಡನ್ನೂ ಮಾಡಿ ಕೂತಿದ್ದಳು. ಆದರೂ ಸುಳ್ಳು ಹೇಳುವುದು ಬೇಡ ಎಂದು ನಿಶ್ಚಯ ಮಾಡಿದಳು. ತಪ್ಪು ನನ್ನದು, ನಾನು ತಡೆಯಬೇಕಿತ್ತು ಎಂದು ಹೇಳಿ ಕಾಲಿಗೆ ಬಿದ್ದುಬಿಡುವುದು. ಹಾಗಂದುಕೊಂಡೇ ಫೋನ್ ಮಾಡಿದಳು.

ನೂರುನ್ನೀಸಾ ಬಂದು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಳು. ಕೋಕಿಲಾ ಬಾಯಿ ತೆರೆಯುವ ಮೊದಲೇ ಆಕೆ ಕೇಳಿದಳು: "ಬೇಟಿ, ನಾನು ಅವತ್ತು ಊದಿದ್ನಲ್ಲ, ಅದರಿಂದ ಕೆಟ್ಟಿತಾ?"

"ಯಾಕೆ ಹಂಗೆ ಕೇಳ್ತೀರಾ?"

"ಆಸ್ಪತ್ರೇಲೂ ದಿನಾ ಊದ್ತಿದ್ದೆ. ಬ್ಯಾಂಡೇಜು ಒಂಚೂರು ಸರಿಸಿ, ಗಾಯದ ಮೇಲೆ. ನರ್ಸಮ್ಮ ನೋಡ್ಬಿಟ್ಟು ಬೈದ್ಳು, ನಿಮ್ಮಂಥವರಿಂದಾನೇ ನಂಜಾಗೋದು ಅಂತ. ಎರಡೇ ದಿನಕ್ಕೆ ಹುಡುಗ ಹೋದ." ಆಕೆ ತನ್ನ ಅಂಗೈಗಳನ್ನೇ ನೋಡುತ್ತಿದ್ದಳು. "ಯಾರಿಗೂ ಹೇಳಿಲ್ಲ. ನಿನಗೆ ಹೇಳ್ತಿದೀನಿ."

ಕೋಕಿಲಾ ಕಟ್ಟಿಕೊಂಡಿದ್ದ ನಿಶ್ಚಯ ಅಲ್ಲೇ ಕುಸಿಯಿತು. ಹೆತ್ತವಳ ತಲೆಯ ಮೇಲೆ ಅಂಥ ಕಲ್ಲು ಎತ್ತಿಹಾಕುವ ಗಂಡೆದೆ ಅವಳಿಗಿರಲಿಲ್ಲ.

"ಇಲ್ಲಮ್ಮಾ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ವಯಸ್ಸಾಯ್ತು, ತಾನಾಗೇ ನಿಂತ್ಹೋಯ್ತು. ನೋಡಿ, ನೀರು ಎಷ್ಟು ತಿಳಿಯಾಗಿದೆ."

ನೂರುನ್ನೀಸಾ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಸೀಸೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಕೋಕಿಲಾಳ ತಲೆ ಸವರಿದಳು. ಕೋಕಿಲಾ ಮೆಟ್ರೋವರೆಗೂ ಜೊತೆಗೆ ನಡೆದಳು. ಪುಣ್ಯದ ಸುಳ್ಳು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು, ಅರ್ಧ ನಂಬಿದಳು ಕೂಡ.

ಮೆಟ್ರೋ ಮೆಟ್ಟಿಲ ಬುಡದಲ್ಲಿ ನೂರುನ್ನೀಸಾ ಮುಖ ಒರೆಸಿಕೊಂಡಳು. "ಇದನ್ನ ನಮ್ ತಮ್ಮ ಶಫಿ ಕೈಗೆ ಕೊಡ್ತೀನಿ, ಅವನು ಮಣ್ಣು ಮಾಡ್ತಾನೆ. ನಾನು ಹಂಗೇ ಆಸ್ಪತ್ರೆಗೆ ಹೋಗ್ಬೇಕು. ಮಗಳು ಅಂಬ್ರೀನ್‌ಗೆ ಮೊನ್ನೆ ಹೆರಿಗೆ ಆಯ್ತು, ತಿಂಗಳು ತುಂಬೋ ಮುಂಚೇನೇ. ಇಷ್ಟೇ ಇಷ್ಟು ಮಗು, ಗಾಜಿನ ಪೆಟ್ಟಿಗೇಲಿಟ್ಟವ್ರೆ. ಬಂದು ದುವಾ ಓದಮ್ಮಾ ಅಂತ ಅಳ್ತಾಳೆ. ನಾನೇ ಹೆದರ್ಕೊಂಡು ಹತ್ರ ಹೋಗಿಲ್ಲ. ಈಗ ನೀನು ಧೈರ್ಯ ಕೊಟ್ಟೆ ಬೇಟಿ. ಹೋಗಿ ಊದಿ ಬರ್ತೀನಿ."

ಆಕೆ ಎರಡು ಮೆಟ್ಟಿಲು ಹತ್ತಿಯೂ ಆಗಿತ್ತು.

"ಅಮ್ಮಾ, ನಿಲ್ಲಿ." ಕೋಕಿಲಾ ಕೆಳಗಿನಿಂದಲೇ ಕೂಗಿದಳು. "ಸುಳ್ಳು ಹೇಳ್ದೆ. ನೀವು ಊದಿದ್ದಕ್ಕೇ ಕೆಟ್ಟಿದ್ದು. ಮುಚ್ಚಳ ತೆಗೆದಾಗ ನಾನು ನೋಡ್ದೆ, ನೋಡ್ಕೊಂಡು ಸುಮ್ನಿದ್ದೆ. ಮಗು ಹತ್ರ ಹೋಗಿ, ದುವಾ ಓದಿ. ಊದ್ಬೇಡಿ."

ಹತ್ತಿಳಿಯುವ ಜನ ಇಬ್ಬರನ್ನೂ ತಳ್ಳಿಕೊಂಡು ಹೋಗುತ್ತಿದ್ದರು.

"ಹಂಗಾದ್ರೆ ಓವೈಸ್?"

"ಅದು ನನಗೆ ಗೊತ್ತಿಲ್ಲ ಅಮ್ಮಾ. ನಿಜವಾಗ್ಲೂ ಗೊತ್ತಿಲ್ಲ."

ಅದು ನಿಜ. ಲಾರಿ ಅರೆದ ಕಾಲು, ರಸ್ತೆಯ ಮಣ್ಣು, ಒಂದಕ್ಕೊಂದು ತಾಗಿದ ಹಾಸಿಗೆಗಳ ವಾರ್ಡು, ಯಾವುದರಿಂದ ನಂಜೇರಿತೆಂದು ಯಾವ ಡಾಕ್ಟರೂ ಹೇಳಲಾರ. ಅದನ್ನೆಲ್ಲ ಹೇಳಬೇಕೆಂದು ಕೋಕಿಲಾ ಮೇಲೆ ಹತ್ತಿದಳು. ನೂರುನ್ನೀಸಾ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಒಂದು ಕೈಯಲ್ಲಿ ಬಿಳಿ ಬಟ್ಟೆಯ ಗಂಟು ಹಿಡಿದು, ಇನ್ನೊಂದು ಕೈಯಲ್ಲಿ ಸೆರಗು ಎಳೆದು ಬಾಯಿಗೆ ಒತ್ತಿಕೊಂಡಿದ್ದಳು. ಹಾಗೆಯೇ ಮೆಟ್ಟಿಲು ಹತ್ತಿದಳು. ಮೇಲೆ ಗೇಟಿನವನು ಏನೋ ಕೇಳಿದ. ಆಕೆ ತಲೆಯಾಡಿಸಿದಳೇ ಹೊರತು ಬಾಯಿಂದ ಸೆರಗು ತೆಗೆಯಲಿಲ್ಲ.